ಶಾಕವ್ರತದ ನಡುವೆ ಕಡಲ ಪಾಚಿ

ಆ ದಿನ ಮಾಡಿದ ಕೆಲಸಗಳು: ಐದಕ್ಕೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಐದೂಮುಕ್ಕಾಲಕ್ಕೆ ನಲ್ಲಿಯಲ್ಲಿ ನೀರು ಬಂತು, ಎರಡು ಕೊಡ, ಒಂದು ಡ್ರಮ್ಮು ತುಂಬಿಸಿದೆ. ಅತ್ತೆಯ ಹಾಸಿಗೆ ಬಟ್ಟೆ ಬದಲಿಸಿ ಹಳೆಯದನ್ನು ಸೋಪಿನ ನೀರಲ್ಲಿ ನೆನೆಹಾಕಿದೆ. ಯಜಮಾನರಿಗೆ ಕೋಲಾರದ ಬಸ್ಸಿನ ಹೊತ್ತಿಗೆ ಡಬ್ಬಿ ಕಟ್ಟಿದೆ. ಸ್ನಾನ ಮಾಡಿ ಮಡಿಯುಟ್ಟು ಹೆಸರುಬೇಳೆ ತೊವ್ವೆಗಿಟ್ಟೆ. ಅತ್ತೆಗೆ ಹಾಲು ಕಾಯಿಸಿ, ಅದಕ್ಕೆ ಹಾಕಬೇಕಾದ್ದನ್ನು ಹಾಕಿ, ಬಟ್ಟೆಯಲ್ಲಿ ಎರಡು ಸಲ ಸೋಸಿ, ತಟ್ಟೆಗೆ ಹೊಯ್ದು ಆರಲು ಬಿಟ್ಟೆ. ಹೊಸ್ತಿಲು ಒರೆಸಿದೆ.

ಇಷ್ಟೂ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿದೆ. ಮಾಡಿದ ಕೆಲಸ ಬರೆದಿಡುವುದು ನನಗೆ ಮೊದಲಿನಿಂದ ಅಭ್ಯಾಸ, ಮಾಡಲಿಲ್ಲ ಎಂದು ಯಾರಾದರೂ ಅಂದರೆ ತೋರಿಸಲು ಬೇಕಾಗುತ್ತಿತ್ತು. ನಮ್ಮ ಮನೆಯಲ್ಲಿ ಹಾಗೆ ಅನ್ನುವವರು ಒಬ್ಬರಿದ್ದರು. ಅವರು ಆ ದಿನ ರಾಮೇಶ್ವರದಿಂದ ವಾಪಸ್ ಬರುವವರಿದ್ದರು. ಅದೊಂದನ್ನು ಮಾತ್ರ ನಾನು ಹಾಳೆಯಲ್ಲಿ ಬರೆದಿರಲಿಲ್ಲ.

ಇದು ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷಕ್ಕೆ ನಡೆದದ್ದು. ಮುಳಬಾಗಿಲಿನ ನಮ್ಮ ಮನೆಯಲ್ಲಿ ಅತ್ತೆ, ನಾನು, ನನ್ನ ಯಜಮಾನರು ಮತ್ತು ಹಿರಿಯ ಓರಗಿತ್ತಿ. ಭಾವನವರಿಗೆ ಮಾಲೂರಿನ ಇಟ್ಟಿಗೆ ಗೂಡೊಂದರಲ್ಲಿ ಕೆಲಸ, ಶನಿವಾರ ಮಾತ್ರ ಮನೆಗೆ. ಓರಗಿತ್ತಿ ನನಗಿಂತ ಆರು ವರ್ಷ ದೊಡ್ಡವರು. ಅಕ್ಕ ಎಂದು ಕರೆಯಬೇಕು, ಕರೆಯುತ್ತಿದ್ದೆ. ನಮ್ಮಿಬ್ಬರಿಗೂ ಆಗುತ್ತಿರಲಿಲ್ಲ. ಯಾವಾಗಿನಿಂದ ಎಂದರೆ ಹೇಳಲಾರೆ. ನಾನು ಒಗ್ಗರಣೆ ಸೌಟನ್ನು ಎಡಗಡೆಯ ಮೊಳೆಗೆ ಹಾಕಿದರೆ ಅವರು ಬಂದು ಬಲಗಡೆಯದಕ್ಕೆ ಹಾಕುತ್ತಿದ್ದರು. ಇಪ್ಪತ್ತು ವರ್ಷ ಆ ಸೌಟು ಹೀಗೆ ಓಡಾಡಿತು. ಇಬ್ಬರೂ ಒಂದು ದಿನವೂ ಬಾಯಿ ಬಿಟ್ಟು ಕೇಳಲಿಲ್ಲ.

ಆ ವರ್ಷ ಯುಗಾದಿಯ ಹೊತ್ತಿಗೆ ಅತ್ತೆಗೆ ಲಕ್ವ ಹೊಡೆಯಿತು. ಎಡಗೈ ಬಿದ್ದುಹೋಯಿತು, ಬಾಯಿ ಒಂದು ಕಡೆ ವಾರೆಯಾಯಿತು. ಮಾತು ತೊದಲಿದರೂ ಅದರ ಖಾರ ಹೋಗಲಿಲ್ಲ. ದೊಡ್ಡ ತೊಂದರೆಯೆಂದರೆ ನುಂಗುವುದು. ನೀರು, ಹಾಲು, ಸಾರು ತೆಳ್ಳಗಿರುವುದೆಲ್ಲ ತಪ್ಪು ದಾರಿಗೆ ಹೋಗಿ ಕೆಮ್ಮು ಬಂದು ಮುಖ ನೀಲಿಯಾಗುತ್ತಿತ್ತು. ಅನ್ನ ಅಂಗುಳಕ್ಕೆ ಅಂಟಿಕೊಂಡು ಕೂರುತ್ತಿತ್ತು. ಗಟ್ಟಿಯಾಗಿ, ಆದರೆ ಜಾರುವ ಹಾಗಿರುವುದನ್ನು ಕೊಡಿ ಎಂದಿದ್ದರು ಕೋಲಾರದ ಡಾಕ್ಟರು. ಜೊತೆಗೆ ಅತ್ತೆಗೆ ಸಕ್ಕರೆ ಕಾಯಿಲೆ ಬೇರೆ. ತೂಕ ಇನ್ನೂ ಇಳಿದರೆ ಮೂಗಿನಿಂದ ಕೊಳವೆ ಹಾಕಿ ಊಟ ಕೊಡಬೇಕಾಗುತ್ತದೆ ಎಂದೂ ಹೇಳಿದ್ದರು. ಅತ್ತೆ ಅದನ್ನು ಕೇಳಿಸಿಕೊಂಡು, ಆ ಕೊಳವೆ ಹಾಕುವ ದಿನ ನನ್ನನ್ನು ಅಂಗಳದಲ್ಲಿ ಮಲಗಿಸಿಬಿಡಿ, ಸುಮ್ಮನೆ ಹೋಗಿಬಿಡುತ್ತೇನೆ ಎಂದರು. ಅದು ಬರೀ ಮಾತಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ದಾರಿ ತೋರಿಸಿದವರು ಪಕ್ಕದ ಮನೆಯ ಆಪಾ. ನಮ್ಮ ರವಿಕೆಗಳನ್ನೆಲ್ಲ ಹೊಲಿಯುತ್ತಿದ್ದವರು, ಮನೆಯಲ್ಲಿ ದಖನಿ ಮಾತು. ರಂಜಾನಿನಲ್ಲಿ ಹಾಲಿಗೆ ಚೈನಾ ಗ್ರಾಸ್ ಹಾಕಿ ಗಟ್ಟಿ ಮಾಡುತ್ತಾರಲ್ಲ, ಅದನ್ನು ಮಾಡಿ ಕೊಡು ಎಂದು ಬಿಳಿಯ ನೂಲಿನ ಹಾಗಿದ್ದ ಒಂದು ಹಿಡಿ ಕಟ್ಟನ್ನು ಕಾಂಪೌಂಡಿನ ಮೇಲಿಂದ ಕೊಟ್ಟರು. ಇದು ಯಾವುದರದ್ದು ಎಂದು ಕೇಳಿದೆ.

"ಸಮುದ್ರದ್ದು ಕಣಮ್ಮ. ಕಲ್ಲಿನ ಮೇಲೆ ಬೆಳೆಯುತ್ತೆ. ಮಾಂಸ ಗೀಂಸ ಏನಿಲ್ಲ. ನಿಮ್ಮನೇಲಿ ಹೇಳ್ಬಿಟ್ಟು ಮಾಡು."

ನಾನು ಹೇಳದೆ ಮಾಡಿದೆ. ಡಾಕ್ಟರು ಬರೆದುಕೊಟ್ಟದ್ದು ಎಂದೆ. ಆಮೇಲೆ ಕೋಲಾರದ ಅಂಗಡಿಯಿಂದ ಯಜಮಾನರ ಕೈಲಿ ತರಿಸಿ, ಹೊಸ ಸ್ಟೀಲು ಡಬ್ಬಿಯಲ್ಲಿ ಹಾಕಿ, ಮಡಿ ಅಡುಗೆಮನೆಯ ಗೂಡಿನಲ್ಲಿಟ್ಟೆ. ಮೊದಲ ದಿನ ಅತ್ತೆ ಆರು ಚಮಚ ತಿಂದರು. ಕೆಮ್ಮಲಿಲ್ಲ. ಹತ್ತು ದಿನಕ್ಕೆ ಇಡೀ ತಟ್ಟೆ ಖಾಲಿಯಾಗತೊಡಗಿತು. ಇಪ್ಪತ್ತು ವರ್ಷದಲ್ಲಿ ಆ ಮನೆಯಲ್ಲಿ ನನ್ನ ಕೈ ಅಡುಗೆಯನ್ನು ಯಾರಾದರೂ ಕಾದು ತಿಂದದ್ದು ಅದೊಂದೇ. ಅಕ್ಕನ ಕಣ್ಣಿಗೆ ಅದು ಬಿದ್ದಿತ್ತು, ಅಂಗಡಿ ಪೊಟ್ಟಣದ ಮೇಲಿದ್ದ ಚೈನಾ ಗ್ರಾಸ್ ಎಂಬ ಹೆಸರೂ, ಆಪಾ ಕಾಂಪೌಂಡಿನ ಮೇಲಿಂದ ಕೊಟ್ಟದ್ದೂ ಬಿದ್ದಿತ್ತು.

ಆಷಾಢದ ಏಕಾದಶಿಗೆ ಚಾತುರ್ಮಾಸ್ಯ ಶುರುವಾಯಿತು. ಮೊದಲ ತಿಂಗಳು ಶಾಕವ್ರತ. ತರಕಾರಿ, ಸೊಪ್ಪು, ಗೆಡ್ಡೆ ಯಾವುದೂ ಇಲ್ಲ. ತೆಂಗಿನಕಾಯಿ, ಹುಣಸೆ, ಮೆಣಸಿನಕಾಯಿ, ಸಾಸಿವೆಯೂ ಇಲ್ಲ. ಹೆಸರುಬೇಳೆ, ಉದ್ದು, ಮೆಣಸು, ಜೀರಿಗೆ, ಹಾಲು ಮೊಸರು ನಡೆಯುತ್ತದೆ. ಹುಳಿಗೆ ಮಾವು ನಡೆಯುತ್ತದೆ, ಅದಕ್ಕೆ ಯಲ್ದೂರಿನಿಂದ ತರಿಸಿ ಹೆಚ್ಚಿ ಒಣಗಿಸಿದ ಹೋಳು ಪ್ರತಿ ವರ್ಷ ಭರಣಿಯಲ್ಲಿರುತ್ತಿತ್ತು. ಮದುವೆಯಾದ ವರ್ಷದಿಂದ ಅತ್ತೆ ಒಂದು ವರ್ಷವೂ ಈ ವ್ರತ ತಪ್ಪಿಸಿದವರಲ್ಲ. ಲಕ್ವ ಹೊಡೆದಿದೆ, ಈ ವರ್ಷ ಬೇಡ ಎಂದು ಯಜಮಾನರು ಹೇಳಿ ನೋಡಿದರು. ಹೇಗೂ ನಾನು ತಿನ್ನುವುದು ಹಾಲಲ್ಲವೇ, ಅದಕ್ಕೇನು ಅಡ್ಡಿ ಎಂದು ಮಲಗಿದಲ್ಲೇ ಸಂಕಲ್ಪ ಮಾಡಿಕೊಂಡರು. ವ್ರತ ಅತ್ತೆಯೊಬ್ಬರದೇ, ನಾವು ಮನೆಯಲ್ಲಿ ಬೇಯಿಸಿದ್ದನ್ನು ತಿನ್ನುವವರು ಅಷ್ಟೆ.

ಆಷಾಢದ ಅಮಾವಾಸ್ಯೆಗೆ ಅಕ್ಕನ ಅಣ್ಣ ಅವರ ತಂದೆಯ ಕಾರ್ಯಕ್ಕೆ ರಾಮೇಶ್ವರಕ್ಕೆ ಹೊರಟರು, ಅಕ್ಕನೂ ಹೊರಟರು. ಅತ್ತೆಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಯಾರೂ ಕೇಳಲಿಲ್ಲ, ನಾನಿದ್ದೆನಲ್ಲ. ನಾನು ಸಮುದ್ರ ನೋಡಿರಲಿಲ್ಲ. ಇವತ್ತಿಗೂ ನೋಡಿಲ್ಲ.

ಆ ದಿನಕ್ಕೆ ವ್ರತ ಮುಗಿಯಲು ಇನ್ನು ಎಂಟು ದಿನ ಉಳಿದಿತ್ತು. ಅತ್ತೆಯ ಜಪ ಹತ್ತಕ್ಕೆ ಮುಗಿಯಿತು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಪುಡಿ ಮಾಡಿ, ಒಂದು ಚಮಚ ಗಟ್ಟಿ ಹಾಲಿನಲ್ಲಿ ಕಲಸಿ ನುಂಗಿಸಿದೆ. ಮಾತ್ರೆ ಕೊಟ್ಟ ಅರ್ಧ ಗಂಟೆಗೆ ಊಟ ಆಗಲೇಬೇಕು, ಅದು ಡಾಕ್ಟರು ಬೆರಳು ತೋರಿಸಿ ಹೇಳಿದ ಮಾತು. ತಟ್ಟೆಯಲ್ಲಿದ್ದುದನ್ನು ಹೋಳು ಮಾಡುತ್ತಿದ್ದೆ, ಆಟೋ ಬಂದು ನಿಂತಿತು.

ಅಕ್ಕ ಕೈಕಾಲು ತೊಳೆದು ನೇರ ಪಡಸಾಲೆಗೆ ಬಂದರು. ಬಿಸಿಲಿಗೆ ಮುಖ ಕಪ್ಪಾಗಿತ್ತು. ಪ್ರಸಾದ ಕೊಡುವ ಮೊದಲೇ ಚೀಲದಿಂದ ತಮಿಳು ಪೇಪರಿನ ಒಂದು ಪೊಟ್ಟಣ ತೆಗೆದು, ಅತ್ತೆಯ ಮಂಚದ ಎದುರಿಗೆ ನೆಲದ ಮೇಲೆ ಬಿಚ್ಚಿದರು. ಬಾಚಣಿಗೆಯಿಂದ ತೆಗೆದ ಕೂದಲುಂಡೆಯ ಹಾಗೆ ಏನೋ ಇತ್ತು. ಕಪ್ಪಿಗೆ ತಿರುಗಿದ ಕೆಂಪು, ಮೇಲೆಲ್ಲ ಬಿಳಿ ಉಪ್ಪು, ನಡುನಡುವೆ ಹುರಿಗಡಲೆಯಷ್ಟು ಸಣ್ಣ ಚಿಪ್ಪುಗಳು. ಪಡಸಾಲೆಯೆಲ್ಲ ನಾತ.

"ಅಮ್ಮ, ನೀವು ದಿನಾ ತಿಂತಿರೋದು ಇದನ್ನೇ. ಸರಿಯಾಗಿ ನೋಡ್ಕೊಳಿ," ಎಂದರು ಅಕ್ಕ.

ಆಮೇಲೆ ನಿಂತೇ ಕತೆ ಹೇಳಿದರು. ಅಮಾವಾಸ್ಯೆಯ ಮಾರನೆಯ ಬೆಳಿಗ್ಗೆ ಸಮುದ್ರ ಹಿಂದಕ್ಕೆ ಹೋಗಿತ್ತಂತೆ. ಹಿಂದಿನ ದಿನ ಎದೆಮಟ್ಟ ನೀರಿದ್ದ ಕಡೆ ಕಪ್ಪು ಬಂಡೆಗಳು ಎದ್ದು ನಿಂತಿದ್ದವಂತೆ, ಒಂದೊಂದರ ಮೇಲೂ ಒದ್ದೆ ಕೂದಲಿನ ಹಾಗೆ ಪಾಚಿ. ಸೀರೆಯ ಮೇಲೆ ಗಂಡಸರ ಷರ್ಟು ಹಾಕಿಕೊಂಡ ಹೆಂಗಸರು, ಬೆರಳಿಗೆಲ್ಲ ಬಟ್ಟೆ ಸುತ್ತಿಕೊಂಡು, ಬಂಡೆಯಿಂದ ಬಂಡೆಗೆ ಬಗ್ಗಿ ಅದನ್ನು ಕಿತ್ತು ಸೊಂಟದ ಚೀಲಕ್ಕೆ ತುರುಕುತ್ತಿದ್ದರಂತೆ. ನೀರು ವಾಪಸ್ ಬರುವುದರೊಳಗೆ ಮುಗಿಸಬೇಕು, ಯಾರಿಗೂ ತಲೆಯೆತ್ತಲು ಪುರಸೊತ್ತಿಲ್ಲ. ಇದೇನು ಎಂದು ಅಣ್ಣ ತಮಿಳಿನಲ್ಲಿ ಕೇಳಿದ್ದಕ್ಕೆ, ಇದನ್ನು ಮಧುರೆಗೆ ಕಳಿಸುತ್ತೇವೆ, ಅಲ್ಲಿ ಕುದಿಸಿ ಸೋಸಿ ಒಣಗಿಸಿ ಚೈನಾ ಗ್ರಾಸ್ ಮಾಡುತ್ತಾರೆ ಎಂದಳಂತೆ ಒಬ್ಬಳು. ಅಕ್ಕ ಅವಳಿಂದಲೇ ಒಂದು ಹಿಡಿ ಕೇಳಿ ತಂದಿದ್ದರು. ಮೂರು ಬಸ್ಸು, ಒಂದು ರೈಲು ಬದಲಾಯಿಸಿ, ಮಡಿಲಲ್ಲಿಟ್ಟುಕೊಂಡು ತಂದಿದ್ದರು.

ಆ ಬಂಡೆಗಳು, ಹಿಂದೆ ಸರಿದ ನೀರು, ಇದೆಲ್ಲ ನನ್ನ ಕಣ್ಣ ಮುಂದೆ ಬಂತು. ಕೇಳುತ್ತಾ ನಿಂತುಬಿಟ್ಟೆ. ಅದನ್ನು ಅವರ ಬಾಯಿಂದ ಕೇಳಬೇಕಾಯಿತಲ್ಲ ಎಂದು ಮೈ ಉರಿಯಿತು.

ಅತ್ತೆ ಸೆರಗು ಮೂಗಿಗೆ ಹಿಡಿದು ಮೀನು, ಮೈಲಿಗೆ ಅನ್ನುತ್ತಾರೆ ಎಂದು ಅಕ್ಕ ಕಾದಿದ್ದರು. ನಾನೂ ಅದಕ್ಕೇ ಕಾದಿದ್ದೆ. ಉಪ್ಪು ಎಲ್ಲಿಂದ ಬರುತ್ತದೆ, ದೇವರ ಮುಂದಿನ ಶಂಖ ಎಲ್ಲಿಂದ ಬಂತು ಎಂದು ಕೇಳಲು ಬಾಯಲ್ಲಿ ಮಾತು ಇಟ್ಟುಕೊಂಡಿದ್ದೆ. ಅತ್ತೆ ಮೀನಿನ ಸುದ್ದಿಯನ್ನೇ ಎತ್ತಲಿಲ್ಲ. ಹತ್ತಿರ ತಾ ಎಂದು ಬಲಗೈಯಲ್ಲಿ ಸನ್ನೆ ಮಾಡಿದರು. ಅಕ್ಕ ಪೇಪರಿನ ಸಮೇತ ಎತ್ತಿ ಹಿಡಿದರು.

"ಇದು ಬೆಳೆಯುತ್ತೋ?" ಎಂದು ಕೇಳಿದರು ಅತ್ತೆ.

"ಬೆಳೆಯುತ್ತಮ್ಮ. ಕಿತ್ತರೆ ಮತ್ತೆ ಬರುತ್ತಂತೆ."

"ಹಸಿಯಾಗಿದ್ದಾಗ ಬಣ್ಣ?"

"ಕೆಂಪು. ಅಲ್ಲಲ್ಲಿ ಹಸುರು."

"ಹಾಗಾದ್ರೆ ಶಾಕ," ಎಂದರು ಅತ್ತೆ.

ಅಕ್ಕನಿಗೂ ಅದು ಹೊಳೆದಿರಲಿಲ್ಲ. ಅತ್ತೆ ನನ್ನ ಕಡೆ ತಿರುಗಿದರು. ಸಿಟ್ಟು ನೆತ್ತಿಗೇರಿದರೆ ಅವರ ಬಾಯಲ್ಲಿ ತವರಿನ ತೆಲುಗು ಬರುತ್ತಿತ್ತು.

"ತೆಲಿಸೇ ಪೆಟ್ಟಿನಾವಾ?"

ಗೊತ್ತಿದ್ದೂ ಇಕ್ಕಿದೆಯಾ ಎಂದು. ಸಮುದ್ರದ್ದು ಎಂದು ಗೊತ್ತಿತ್ತು, ಶಾಕ ಎಂದು ತೋಚಲಿಲ್ಲ ಎಂದೆ. ಅದು ನಿಜ. ಆದರೆ ಅಷ್ಟಕ್ಕೆ ನಿಲ್ಲಿಸದೆ, ಅದಕ್ಕೆ ಬೇರಿಲ್ಲ, ಎಲೆಯಿಲ್ಲ, ಹೂವಿಲ್ಲ, ಅದು ಶಾಕ ಹೇಗಾಗುತ್ತದೆ ಎಂದು ವಾದವನ್ನೂ ಹೂಡಿದೆ.

"ನಿನ್ನ ನಾಲಿಗೆಗೂ ಬೇರಿಲ್ಲ. ಬೆಳೆದಿಲ್ವಾ?" ಎಂದರು ಅತ್ತೆ, ತೊದಲದೆ.

ಅಕ್ಕ ನಕ್ಕರು. ಸುಧಾರಿಸಿಕೊಂಡು, ಇದು ಪಕ್ಕದ ಮನೆಯವರ ರಂಜಾನಿನ ತಿಂಡಿ, ಅಲ್ಲಿಂದ ಕಲಿತು ಬಂದದ್ದು ಎಂದು ಅದನ್ನೂ ಸೇರಿಸಿದರು. ಅತ್ತೆ ಅದಕ್ಕೆ ಕಿವಿಗೊಡಲಿಲ್ಲ. ಇಪ್ಪತ್ತೆರಡು ದಿನ ವ್ರತದಲ್ಲಿ ಶಾಕ ತಿಂದೆ ಎಂದು ಒಂದೇ ಮಾತನ್ನು ಗೋಡೆಗೆ ಹೇಳುತ್ತಿದ್ದರು. ನಾನು ತಟ್ಟೆ ಹಿಡಿದು ಹೋದಾಗ ತುಟಿ ಬಿಗಿದರು. ಮಾತ್ರೆ ಹೊಟ್ಟೆಯಲ್ಲಿದೆ, ಏನಾದರೂ ತಿನ್ನಲೇಬೇಕು ಎಂದೆ. ನಿನ್ನ ಕೈಯಿಂದ ಇನ್ನು ನೀರೂ ಬೇಡ ಎಂದು ಕಣ್ಣು ಮುಚ್ಚಿದರು.

ಹನ್ನೊಂದಾಯಿತು. ಅಕ್ಕ ಹೆಸರುಬೇಳೆ ಕಿವುಚಿ ತಂದರು. ಅದು ಅಂಗುಳಕ್ಕೆ ಅಂಟಿತು, ಬೆರಳು ಹಾಕಿ ತೆಗೆಯಬೇಕಾಯಿತು. ಹಾಲು ಕೊಟ್ಟರು, ಅತ್ತೆ ಕೆಮ್ಮಿ ಕೆಮ್ಮಿ ಎದೆ ಹಿಡಿದುಕೊಂಡರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಇವರಿಗೆ ಗೊತ್ತಾಗಲಿ ಎಂದುಕೊಂಡದ್ದೂ ನಿಜ. ಹಾಗೆ ಅಂದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ, ಅದರ ಲೆಕ್ಕ ಮಾತ್ರ ಹಾಳೆಯಲ್ಲಿಲ್ಲ.

ಹನ್ನೆರಡೂವರೆಗೆ ಅತ್ತೆಯ ಹಣೆಯಲ್ಲಿ ಬೆವರು ಕಂಡಿತು. ಬಲಗೈ ನಡುಗತೊಡಗಿತು. ಅಕ್ಕ ಸೆಕೆ ಎಂದು ಬೀಸಣಿಗೆ ಹಿಡಿದರು. ಶ್ರಾವಣದ ಗಾಳಿಯಲ್ಲಿ ಎಲ್ಲಿಯ ಸೆಕೆ. ಹೊಲಿದ ರವಿಕೆ ಕೊಡಲು ಬಂದ ಆಪಾ ಗೇಟಿನ ಹತ್ತಿರದಿಂದಲೇ ಮುಖ ನೋಡಿ, ತಮ್ಮ ಅತ್ತೆಗೂ ಹೀಗೇ ಆಗುತ್ತಿತ್ತು, ಸಕ್ಕರೆ ಇಳಿದುಹೋಗಿದೆ, ಮೊದಲು ಬಾಯಿಗೆ ಸಕ್ಕರೆ ಹಾಕಿ ಎಂದು ಕೂಗಿದರು. ನಾನು ಓಡಿ ತಂದೆ. ಆ ಸ್ಥಿತಿಯಲ್ಲೂ ಅತ್ತೆ ನನ್ನ ಬಳೆಯ ಸದ್ದು ಕೇಳಿ ಹಲ್ಲು ಕಚ್ಚಿದರು. ಅಕ್ಕ ನನ್ನ ಕೈಯಿಂದ ಚಮಚ ಕಿತ್ತುಕೊಂಡು, ದವಡೆ ಒತ್ತಿ, ಸಕ್ಕರೆಯನ್ನು ಕೆನ್ನೆಯ ಒಳಗಡೆ ತಿಕ್ಕಿದರು. ಹತ್ತು ನಿಮಿಷಕ್ಕೆ ನಡುಕ ನಿಂತಿತು.

"ಮಾತ್ರೆ ಸಾಯಂಕಾಲದವರೆಗೂ ಎಳೆಯುತ್ತೆ. ಊಟ ಹೋಗ್ಲಿಲ್ಲ ಅಂದ್ರೆ ಮತ್ತೆ ಇಳಿಯುತ್ತೆ," ಎಂದು ಆಪಾ ರವಿಕೆಗಳನ್ನು ಜಗಲಿಯ ಮೇಲಿಟ್ಟು ಹೋದರು. ಯಾರೂ ಒಳಗೆ ಬಾ ಎನ್ನಲಿಲ್ಲ. ನಾನೂ ಅನ್ನಲಿಲ್ಲ.

ಅಡುಗೆಮನೆಗೆ ಬಂದು ಕುಳಿತೆ. ಆ ಪಾಚಿ ಏನು ಮಾಡುತ್ತಿತ್ತು? ಹಾಲನ್ನು ಹಿಡಿದುಕೊಳ್ಳುತ್ತಿತ್ತು, ಗಂಟಲಲ್ಲಿ ಜಾರುತ್ತಿತ್ತು. ವ್ರತಕ್ಕೆ ನಡೆಯುವ ಪದಾರ್ಥದಲ್ಲಿ ಹಾಗೆ ಜಾರುವುದು ಯಾವುದಿದೆ ಎಂದು ಒಂದೊಂದೇ ಡಬ್ಬಿ ಮುಟ್ಟಿ ನೋಡಿದೆ. ಉದ್ದಿನ ಡಬ್ಬಿಗೆ ಬಂದಾಗ ಕೈ ನಿಂತಿತು. ನುಣ್ಣಗೆ ರುಬ್ಬಿದ ಉದ್ದು ಬೆರಳಿನಿಂದ ಹೇಗೆ ಜಾರುತ್ತದೆಂದು ಇಡ್ಲಿಗೆ ರುಬ್ಬುವವರಿಗೆ ಹೇಳಿಕೊಡಬೇಕಾಗಿಲ್ಲ. ಬಿಸಿನೀರಲ್ಲಿ ನೆನೆಹಾಕಿದೆ. ಮುಕ್ಕಾಲು ಗಂಟೆಗೆ ಮಿಕ್ಸಿಗೆ ಹಾಕಿ ಬೆಣ್ಣೆಯ ಹಾಗೆ ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಹಾಲಿಗೆ ಬೆರೆಸಿ ಸಣ್ಣ ಉರಿಯಲ್ಲಿಟ್ಟೆ. ಕೈ ಬಿಟ್ಟರೆ ಗಂಟಾಗುತ್ತದೆ, ಬಿಡದೆ ತಿರುವಿದೆ.

ಅಕ್ಕ ಬಂದು ಹಿಂದೆ ನಿಂತರು. ಏನು ಎಂದು ಕೇಳಲಿಲ್ಲ, ಮೂಸಿ ನೋಡಿ ತಿಳಿದುಕೊಂಡರು. ಚಿಟಿಕೆ ಉಪ್ಪು ಹಾಕಿದರು. ನಾನು ಹಾಕಿಯಾಗಿತ್ತು. ಹೇಳಲಿಲ್ಲ.

ತಟ್ಟೆಯಲ್ಲಿ ಹರಡಿ, ತಣ್ಣೀರಿನ ಮೇಲಿಟ್ಟು ಆರಿಸಿದೆವು. ಗಟ್ಟಿಯಾಗಿ, ಚಮಚದಲ್ಲಿ ಅಲುಗಾಡುತ್ತಾ ಕುಳಿತಿತು. ನಾನು ತಟ್ಟೆ ಎತ್ತಿಕೊಳ್ಳಲು ಹೋದೆ. ಅಕ್ಕ ನನ್ನ ಮಣಿಕಟ್ಟು ಹಿಡಿದರು.

"ನೀನು ಹೋದ್ರೆ ಬಾಯಿ ಬಿಡಲ್ಲ. ಕೊಡಿಲ್ಲಿ," ಎಂದರು.

ಕೊಟ್ಟೆ. ಬಾಗಿಲ ಹಿಂದೆ ಸೌಟು ಹಿಡಿದು ನಿಂತೆ. ಅತ್ತೆ ಚಮಚದ ಕಡೆ ನೋಡಿ, ಏನಿದು ಎಂದರು. ಉದ್ದು ಎಂದರು ಅಕ್ಕ. ಉದ್ದು ನಡೆಯುತ್ತದೆ, ಅದು ಅತ್ತೆಗೆ ಗೊತ್ತು. ಆದರೂ ಬಾಯಿ ತೆರೆಯಲಿಲ್ಲ.

"ಯಾರು ಬೇಯಿಸಿದ್ದು?"

ಅಕ್ಕ ಒಂದು ಗಳಿಗೆಯೂ ತಡೆಯಲಿಲ್ಲ.

"ನಾನೇ ಕಣಮ್ಮ. ಅವಳನ್ನ ಒಲೆ ಹತ್ರ ಬಿಟ್ಟೇ ಇಲ್ಲ."

ಅತ್ತೆ ಬಾಯಿ ತೆರೆದರು. ಮೊದಲ ಚಮಚ ಹೋಯಿತು, ಗಂಟಲು ಮೇಲೆ ಕೆಳಗೆ ಆಡಿತು. ಕೆಮ್ಮಲಿಲ್ಲ. ಎರಡನೆಯದು, ಮೂರನೆಯದು. ಹನ್ನೊಂದು ಚಮಚ ತಿಂದರು. ನನಗೆ ಉಸಿರು ಬಂತು. ಅದರ ಹಿಂದೆಯೇ ಸೌಟನ್ನು ಎತ್ತಿ ಪಡಸಾಲೆಗೆ ಎಸೆಯಬೇಕೆನ್ನುವಷ್ಟು ಸಿಟ್ಟೂ ಬಂತು. ನಾನು ಹೊಟ್ಟೆಗೆ ಹೋಗಲಿ ಎಂದು ಒಂದು ಮಾತು ಮುಚ್ಚಿಟ್ಟೆ, ಬೆಳಿಗ್ಗೆ ಅದಕ್ಕೆ ಕಟಕಟೆಯಲ್ಲಿ ನಿಲ್ಲಿಸಿದರು. ಮಧ್ಯಾಹ್ನ ಅದೇ ಕಾರಣಕ್ಕೆ ಅಕ್ಕ ಒಂದು ಸುಳ್ಳು ಹೇಳಿದರು, ತಲೆ ಸವರಿಸಿಕೊಂಡರು. ಅತ್ತೆ ನಿಜವಾಗಿಯೂ ಬಲಗೈಯಿಂದ ಅವರ ತಲೆ ಸವರಿದರು. ನನ್ನ ಮದುವೆಯ ದಿನದಿಂದ ನನಗೆ ಅದು ಆಗಿಲ್ಲ.

ಬಾಯಿ ತೆರೆದು ಹೇಳಿಬಿಡಬಹುದಿತ್ತು. ಹೇಳಿದರೆ ಹನ್ನೆರಡನೆಯ ಚಮಚ ಹೋಗುತ್ತಿರಲಿಲ್ಲ, ಕೊಳವೆ ಬರುತ್ತಿತ್ತು. ಇದು ಅಕ್ಕನಿಗೂ ಗೊತ್ತಿತ್ತು. ಖಾಲಿ ತಟ್ಟೆ ತಂದು ಬಚ್ಚಲಿಗಿಡುವಾಗ ನನ್ನ ಮುಖ ನೋಡಿದ ರೀತಿಯಲ್ಲೇ ಅದು ಇತ್ತು.

"ನಾಳೆಗೂ ನೆನೆಹಾಕು," ಎಂದರು ಅಷ್ಟೆ.

ನಾಳೆಗೂ ಹಾಕಿದೆ, ನಾಡಿದ್ದಿಗೂ ಹಾಕಿದೆ. ವ್ರತ ಮುಗಿಯುವವರೆಗೆ ಎಂಟು ದಿನ ನಾನು ಒಳಗೆ ತಿರುವುವುದು, ಅವರು ಹೊರಗೆ ತಾನೇ ತಿರುವಿದ್ದು ಎನ್ನುವುದು. ಮುಂದಿನ ವಾರ ಕೋಲಾರದಲ್ಲಿ ತೂಕ ನೋಡಿದಾಗ ಇಳಿದಿರಲಿಲ್ಲ, ಕೊಳವೆಯ ಮಾತು ಹಿಂದೆ ಬಿತ್ತು. ದೊಡ್ಡ ಸೊಸೆ ಚೆನ್ನಾಗಿ ನೋಡಿಕೊಂಡಿದ್ದಾಳೆ ಎಂದು ಡಾಕ್ಟರ ಎದುರಿಗೇ ಹೇಳಿದರು ಅತ್ತೆ. ತಪ್ಪಿದ ವ್ರತವನ್ನು ಬರುವ ವರ್ಷ ಪ್ರಾಯಶ್ಚಿತ್ತದೊಂದಿಗೆ ಮತ್ತೆ ಹಿಡಿಯುತ್ತೇನೆ ಎಂದರು, ಹಿಡಿದರು ಕೂಡ. ಆ ಗಟ್ಟಿ ಹಾಲನ್ನು ಮಾತ್ರ ವ್ರತವಿಲ್ಲದ ತಿಂಗಳಲ್ಲೂ ಮತ್ತೆ ಕೇಳಲಿಲ್ಲ.

ಆ ಸಂಜೆ ಆರೂವರೆಗೆ ಯಜಮಾನರು ಬಂದರು. ಅಮ್ಮ ಊಟ ಮಾಡಿದರಾ ಎಂದು ಕೇಳಿದರು. ನಾನು ಇಕ್ಕಿದೆ ಎಂದರು ಅಕ್ಕ. ಹೌದು, ಇಕ್ಕಿದ್ದು ಅವರೇ. ಏಳಕ್ಕೆ ಅತ್ತೆಗೆ ಇನ್ನೊಂದು ಸಲ ಉದ್ದು ಹೋಯಿತು, ಒಂಬತ್ತು ಚಮಚ. ನಮಗೆ ಅನ್ನ, ತೊವ್ವೆ, ಮಾವಿನ ಹೋಳಿನ ಮೆಣಸು ಗೊಜ್ಜು, ಮೊಸರು. ಬೆಳಿಗ್ಗೆಯ ತಟ್ಟೆ ಹಾಗೇ ಉಳಿದಿತ್ತು. ಅದನ್ನು ಎಲ್ಲರ ಊಟವಾದ ಮೇಲೆ ಅಡುಗೆಮನೆಯಲ್ಲಿ ನಿಂತು ತಿಂದೆ. ನೀರೊಡೆದಿತ್ತು, ಸಪ್ಪೆ ಇತ್ತು. ನೆಲ ಒರೆಸುತ್ತಿದ್ದ ಅಕ್ಕ ತಲೆಯೆತ್ತಿ, ಶಾಕ ಅಂತ ಗೊತ್ತಿದ್ದೂ ತಿಂತೀಯಲ್ಲ ಎಂದರು. ನನ್ನದೇನು ಸಂಕಲ್ಪವಿಲ್ಲ ಎಂದೆ. ಅವರು ಬಟ್ಟೆ ಹಿಂಡಿ ಎದ್ದು ಹೋದರು. ಎಂಟು ಗಂಟೆಗೆ ಅತ್ತೆ ಮಲಗಿದರು, ಆಮೇಲೆ ಅವರ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಅಕ್ಕ. ಆ ಜಾಗದಲ್ಲಿ ಅದುವರೆಗೆ ಮಲಗುತ್ತಿದ್ದವಳು ನಾನು.